ನಾಚುವ ವಿದ್ಯಾರ್ಥಿ, ಕೇಳದೆ ಉಳಿದ ಪ್ರಶ್ನೆ

2007ರ ವರ್ಷವನ್ನು ನಮ್ಮ ಶಿಕ್ಷಣದ ಇತಿಹಾಸದಲ್ಲಿ ಎರಡು ಕಾರಣಗಳಿಗಾಗಿ ನೆನಪಿಡಬೇಕು. ಆ ವರ್ಷ ಕರ್ನಾಟಕವೂ ಸೇರಿದಂತೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ ಮೊದಲಾದ ಹಲವು ರಾಜ್ಯಗಳು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ಬಾಗಿಲು ಮುಚ್ಚಿದವು. ಇದು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು ಅವು ಕೊಟ್ಟ ಕಾರಣ. ಅದೇ ವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಕ್ಕಳ ಮೇಲಿನ ದೌರ್ಜನ್ಯದ ಕುರಿತು ಒಂದು ಅಧ್ಯಯನ ವರದಿಯನ್ನು ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಸಿದ್ಧಪಡಿಸಿದ ಆ ವರದಿಯ ಪ್ರಕಾರ, ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಅವರಲ್ಲಿ ಹುಡುಗರ ಸಂಖ್ಯೆ ಹುಡುಗಿಯರಿಗಿಂತ ಕಡಿಮೆಯೇನೂ ಇರಲಿಲ್ಲ. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದು ನಂಬಿದವರೇ ಆಗಿದ್ದರು. ಹೆಚ್ಚಿನ ಮಕ್ಕಳು ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ.

ಯಾರಿಗೂ ಹೇಳಿರಲಿಲ್ಲ ಎಂಬ ಈ ಮಾತಿನ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಮಗು ಯಾಕೆ ಹೇಳುವುದಿಲ್ಲ? ಹೇಳಲು ಪದವಿಲ್ಲ, ಕೇಳಲು ಜನವಿಲ್ಲ, ಹೇಳಿದರೆ ಬೈಗುಳ ತನಗೇ ಬರುತ್ತದೆಂಬ ಭಯ. ತರಗತಿಯಲ್ಲಿ ಪ್ರಶ್ನೆ ಕೇಳದ ವಿದ್ಯಾರ್ಥಿಯ ಮೌನಕ್ಕೂ ಮನೆಯಲ್ಲಿ ದೂರು ಹೇಳದ ಮಗುವಿನ ಮೌನಕ್ಕೂ ಬೇರು ಒಂದೇ. ಹಾಗಾದರೆ ಈ ಮೌನವನ್ನು ಸಂಸ್ಕೃತಿ ಎಂದು ಕರೆಯಬಹುದೇ? ನಮ್ಮ ಹಿರಿಯರು ಇಂತಹ ವಿಷಯಗಳನ್ನು ಕಲಿಸಲೇ ಇಲ್ಲವೇ? ಇತಿಹಾಸದ ಪುಟಗಳನ್ನು ತಿರುವಿದರೆ ಬೇರೆಯೇ ಉತ್ತರ ಸಿಗುತ್ತದೆ.

ಮಸೀದಿಯಂಗಳದ ಪಾಠ

ಒಂಬತ್ತನೆಯ ಶತಮಾನದ ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಜ್ಞಾನದ ಬಗ್ಗೆಯೇ ಒಂದು ಭಾಗವಿದೆ. ಕಲಿಯುವವನು ಹೇಗಿರಬೇಕು, ಕಲಿಸುವವನು ಹೇಗಿರಬೇಕು ಎಂಬುದು ಅದರ ವಿಷಯ. ಅಲ್ಲಿ ನಾಚಿಕೆಗೂ ಒಂದು ಪ್ರತ್ಯೇಕ ಅಧ್ಯಾಯವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಆ ಅಧ್ಯಾಯದಲ್ಲಿ ಉಮ್ಮು ಸುಲೈಮ್(ರ) ಎಂಬ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಬರುತ್ತಾರೆ. ಅಲ್ಲಾಹನು ಸತ್ಯದ ವಿಷಯದಲ್ಲಿ ಸಂಕೋಚ ಪಡುವುದಿಲ್ಲ ಎಂಬ ಪೀಠಿಕೆಯೊಂದಿಗೆ, ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಕೇಳುತ್ತಾರೆ. ಪಕ್ಕದಲ್ಲಿದ್ದ ಉಮ್ಮು ಸಲಮಾ(ರ) ನಾಚಿ ಮುಖ ಮುಚ್ಚಿಕೊಳ್ಳುತ್ತಾರೆ. ಉತ್ತರ ಮಾತ್ರ ನೇರವಾಗಿ ಸಿಗುತ್ತದೆ. ನಾಚಿದವರನ್ನು ಯಾರೂ ಗದರಿಸಲಿಲ್ಲ, ಕೇಳಿದವರನ್ನೂ ಗದರಿಸಲಿಲ್ಲ. ಅನ್ಸಾರಿ ಮಹಿಳೆಯರಿಗೆ ಧರ್ಮವನ್ನು ಅರಿಯಲು ಲಜ್ಜೆ ಅಡ್ಡಿಯಾಗಲಿಲ್ಲ ಎಂದು ಹಝ್ರತ್ ಆಯಿಶಾ(ರ) ಮೆಚ್ಚಿಕೊಂಡದ್ದೂ ಇದೇ ಅಧ್ಯಾಯದಲ್ಲಿ ಸಿಗುತ್ತದೆ.

ಅಲ್ಲೇ ಒಬ್ಬ ಬಾಲಕನ ಪ್ರಸಂಗವೂ ಇದೆ. ಪ್ರವಾದಿವರ್ಯರು(ಸ) ಸಭೆಗೆ ಒಂದು ಒಗಟು ಹಾಕುತ್ತಾರೆ. ಅದರ ಉತ್ತರ ಖರ್ಜೂರದ ಮರ. ಎಳೆಯ ವಯಸ್ಸಿನ ಅಬ್ದುಲ್ಲಾ ಇಬ್ನು ಉಮರ್(ರ)ಗೆ ಉತ್ತರ ಹೊಳೆಯಿತು. ಆದರೂ ನಾಚಿಕೆಯಿಂದ ಸುಮ್ಮನಿದ್ದರು. ಮತ್ತೆ ತಂದೆಗೆ ವಿಷಯ ತಿಳಿಸಿದಾಗ, ನೀನು ಅದನ್ನು ಹೇಳಿದ್ದರೆ ನನಗೆಷ್ಟೋ ಸಂತೋಷವಾಗುತ್ತಿತ್ತು ಎಂಬ ಅರ್ಥದಲ್ಲಿ ಹಝ್ರತ್ ಉಮರ್(ರ) ಮಗನಿಗೆ ಹೇಳಿದರು. ಇಂದಿನ ತರಗತಿಯಲ್ಲಿ ತಲೆ ತಗ್ಗಿಸಿ ಕೂತ ಹುಡುಗನೂ ಇಂಥವನೇ. ಅವನಿಗೆ ಹೇಳಲು ಏನೋ ಇದೆ, ಬಾಯಿ ಬರುವುದಿಲ್ಲ.

ಅದಕ್ಕೆ ತಾಗಿಕೊಂಡೇ ಇರುವ ಮುಂದಿನ ಅಧ್ಯಾಯ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ನಾಚಿಕೆಯಾದವನು ಇನ್ನೊಬ್ಬರ ಮೂಲಕ ಪ್ರಶ್ನೆ ಕೇಳಿಸುವುದು ಎಂಬುದೇ ಅದರ ಶೀರ್ಷಿಕೆಯ ತಾತ್ಪರ್ಯ. ಹಝ್ರತ್ ಅಲೀ(ರ)ಗೆ ದೇಹಸಂಬಂಧಿಯಾದ ಒಂದು ಸಂದೇಹವಿತ್ತು. ಪ್ರವಾದಿವರ್ಯರು(ಸ) ಅವರಿಗೆ ಹೆಣ್ಣು ಕೊಟ್ಟ ಮಾವ. ಮಾವನ ಮುಂದೆ ಅಳಿಯ ಅದನ್ನು ಹೇಗೆ ಕೇಳುವುದು? ಅವರು ಗೆಳೆಯ ಮಿಕ್ದಾದ್(ರ) ಮೂಲಕ ಕೇಳಿಸಿ ಉತ್ತರ ಪಡೆದರು. ಅದೇ ಭಾಗದಲ್ಲಿ ಇನ್ನೊಂದು ಕಡೆ ಮಹಿಳೆಯರು ಬಂದು, ತಮ್ಮ ಸುತ್ತ ಪುರುಷರೇ ತುಂಬಿರುವುದರಿಂದ ನಮಗೂ ಒಂದು ದಿನ ಗೊತ್ತುಪಡಿಸಿ ಎಂದು ಕೋರುತ್ತಾರೆ. ಅದರಂತೆ ಅವರಿಗೆ ಪ್ರತ್ಯೇಕ ದಿನ ಗೊತ್ತಾಗುತ್ತದೆ.

ಈ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿ. ನಾಚಿಕೆಯನ್ನು ಇಲ್ಲಿ ಯಾರೂ ರೋಗವೆಂದು ಬಗೆಯಲಿಲ್ಲ. ಅದು ಈಮಾನಿನ ಭಾಗವೆಂದೇ ಗೌರವಿಸಲಾಯಿತು. ಹಾಗೆಂದು ಅದರ ಹೆಸರಿನಲ್ಲಿ ಪ್ರಶ್ನೆಯನ್ನು ಹೂಳಲೂ ಇಲ್ಲ. ನಾಚುವವನಿಗೆ ಮಧ್ಯವರ್ತಿ, ಮಹಿಳೆಯರಿಗೆ ಬೇರೆ ದಿನ, ಧೈರ್ಯವಿದ್ದವರಿಗೆ ನೇರ ಉತ್ತರ ಹೀಗೆ ದಾರಿಗಳನ್ನು ಮಾಡಿಕೊಡಲಾಯಿತು. ಕಲಿಕೆಯಲ್ಲಿ ವಿದ್ಯಾರ್ಥಿ ಪಾಲ್ಗೊಳ್ಳಬೇಕಾದರೆ ಇಂತಹ ದಾರಿಗಳಿರಬೇಕು.

ವಿಧಿ ಉಳಿಯಿತು, ವಿಷಯ ಕಳೆಯಿತು

ಈ ಪರಂಪರೆ ಫಿಕ್‌ಹ್ ಗ್ರಂಥಗಳಲ್ಲಿ ಮುಂದುವರಿಯಿತು. ಶುಚಿತ್ವದ ಅಧ್ಯಾಯದಿಂದಲೇ ಆರಂಭವಾಗುವ ಈ ಗ್ರಂಥಗಳಲ್ಲಿ ಪ್ರಾಯಪೂರ್ತಿಯಾಗುವುದು, ಮುಟ್ಟು, ಹೆರಿಗೆಯ ನಂತರದ ಸ್ರಾವ, ಕಡ್ಡಾಯ ಸ್ನಾನ ಎಲ್ಲವೂ ಸಂಕೋಚವಿಲ್ಲದೆ ಬರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲೀ ಥಾನ್ವಿಯವರು ಹೆಣ್ಣುಮಕ್ಕಳಿಗಾಗಿ ಸರಳ ಉರ್ದುವಿನಲ್ಲಿ ಬರೆದ 'ಬಹಿಶ್ತೀ ಝೇವರ್' ಈ ಜ್ಞಾನವನ್ನು ಮನೆಯೊಳಕ್ಕೆ ತಂದಿತು. ಮದುವೆಯ ಸಂದರ್ಭದಲ್ಲಿ ಅದನ್ನು ಮಗಳಿಗೆ ಉಡುಗೊರೆಯಾಗಿ ಕೊಡುವ ರೂಢಿ ಉಪಖಂಡದ ಅನೇಕ ಕುಟುಂಬಗಳಲ್ಲಿ ಬೆಳೆಯಿತು. ಆ ಗ್ರಂಥದ ಎಲ್ಲ ಅಭಿಪ್ರಾಯಗಳನ್ನು ಇಂದು ಒಪ್ಪಬೇಕೆಂದಿಲ್ಲ. ಆದರೆ ಹೆಣ್ಣುಮಗಳು ತನ್ನ ದೇಹದ ಬಗ್ಗೆ ಓದಿ ತಿಳಿಯಬೇಕು ಎಂಬ ವಿಚಾರ ನಮ್ಮ ಸಮುದಾಯಕ್ಕೆ ಹೊರಗಿನಿಂದ ಬಂದದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಒಂದು ಕೊರತೆಯನ್ನು ನಾವು ಮುಚ್ಚಿಡಬಾರದು. ಕಾಲ ಸರಿದಂತೆ ವಿಧಿಗಳ ಪಾಠ ಉಳಿಯಿತು, ವಿಷಯದ ಅರಿವು ಕಳೆದುಹೋಯಿತು. ಹೈಳ್ ಎಂದರೆ ಯಾವ ದಿನಗಳಲ್ಲಿ ನಮಾಝ್ ಇಲ್ಲ ಎಂಬುದನ್ನು ಬಾಲಕಿ ಕಂಠಪಾಠ ಮಾಡುತ್ತಾಳೆ. ಅದು ಯಾಕೆ ಆಗುತ್ತದೆ, ನೋವು ಎಷ್ಟಾದರೆ ವೈದ್ಯರ ಬಳಿಗೆ ಹೋಗಬೇಕು ಎಂಬುದು ಆಕೆಗೆ ತಿಳಿಯುವುದಿಲ್ಲ. ಮುಟ್ಟಬಾರದ ರೀತಿಯಲ್ಲಿ ಯಾರಾದರೂ ಮುಟ್ಟಿದರೆ ಏನು ಮಾಡಬೇಕೆಂಬುದು ಹುಡುಗನಿಗೂ ತಿಳಿಯುವುದಿಲ್ಲ. ಅರಬಿ ಪದ ಗೊತ್ತು, ಅದು ತನ್ನ ದೇಹದ ಮಾತೆಂದು ಗೊತ್ತಿಲ್ಲ.

ಇದು ಒಂದು ಸಮುದಾಯದ ಕೊರತೆ ಮಾತ್ರವಲ್ಲ. ಕನ್ನಡ ನಾಡಿನ ಯಾವ ಮನೆಯಲ್ಲಿ ನೋಡಿದರೂ ಇದಕ್ಕೆ ಬಳಸು ಮಾತುಗಳೇ ಇವೆ. ಕಾಗೆ ಮುಟ್ಟಿತು, ಹೊರಗಾದಳು, ದೊಡ್ಡವಳಾದಳು. ಹುಡುಗಿ ಮೈನೆರೆದಾಗ ಆರತಿ ಎತ್ತುವ, ಸಿಹಿ ಹಂಚುವ ಮನೆಗಳಲ್ಲೂ ಆಕೆಗೆ ಏನಾಯಿತೆಂದು ಕೂರಿಸಿ ತಿಳಿಸಿ ಹೇಳುವವರು ಕಡಿಮೆ. ಊರಿಗೆಲ್ಲ ಗೊತ್ತಾಗುತ್ತದೆ, ಹುಡುಗಿಗೆ ಮಾತ್ರ ಅರ್ಥವಾಗಿರುವುದಿಲ್ಲ.

ಕಾಗದದಲ್ಲಿ ಬಂದ ಪ್ರಶ್ನೆಗಳು

ಆಧುನಿಕ ಭಾರತದಲ್ಲಿ ಈ ಮೌನವನ್ನು ಮೊದಲು ಮುರಿದವರಲ್ಲಿ ಮುಂಬೈಯ ರಘುನಾಥ ಧೋಂಡೋ ಕರ್ವೆ ಒಬ್ಬರು. ಸ್ತ್ರೀ ಶಿಕ್ಷಣಕ್ಕಾಗಿ ಬದುಕನ್ನೇ ಸವೆಸಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಹಿರಿಯ ಮಗ. ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. 1921ರಲ್ಲಿ ಸಂತತಿ ನಿಯಂತ್ರಣದ ಸಲಹಾ ಕೇಂದ್ರ ತೆರೆದ ಅವರು ಈ ಕೆಲಸಕ್ಕಾಗಿ ಕಾಲೇಜಿನ ಉದ್ಯೋಗವನ್ನೇ ಕಳೆದುಕೊಳ್ಳಬೇಕಾಯಿತು. 1927ರಲ್ಲಿ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ಆರಂಭಿಸಿ 1953ರಲ್ಲಿ ತಾವು ಸಾಯುವವರೆಗೂ ನಡೆಸಿದರು. ಓದುಗರು ಕಾಗದದಲ್ಲಿ ಬರೆದು ಕಳಿಸುತ್ತಿದ್ದ ಖಾಸಗಿ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರುತ್ತಿತ್ತು.

ಅಂತಹ ಉತ್ತರಗಳೇ ಅಶ್ಲೀಲವೆಂದು 1934ರಲ್ಲಿ ಅವರ ಮೇಲೆ ಮೊಕದ್ದಮೆ ನಡೆಯಿತು. ಅವರ ಪರವಾಗಿ ವಾದಿಸಲು ನಿಂತವರು ಡಾ. ಬಿ.ಆರ್. ಅಂಬೇಡ್ಕರ್. ಜನರು ತಿಳಿಯದೆ ಕೇಳಿದ ಪ್ರಶ್ನೆಗೆ ತಿಳಿದವರು ಉತ್ತರಿಸುವುದು ಹೇಗೆ ಅಪರಾಧವಾಗುತ್ತದೆ ಎಂಬುದು ಅವರ ವಾದದ ತಿರುಳು. ಮೊಕದ್ದಮೆ ಸೋತಿತು, ಕರ್ವೆ ದಂಡ ಕಟ್ಟಿದರು. ಆದರೆ ನೆರೆಮನೆಯವರೊಡನೆ ಆಡಲಾಗದ ಮಾತನ್ನು ಜನ ಅಂಚೆ ಕಾಗದದಲ್ಲಿ ಬರೆಯುತ್ತಾರೆ ಎಂಬ ಸತ್ಯ ಆ ಮಾಸಿಕದಿಂದ ಹೊರಬಿತ್ತು.

ಹಳೆ ಮೈಸೂರು ಸಂಸ್ಥಾನದ ದಾರಿ ಇನ್ನೊಂದು ಬಗೆಯದು. ಸರ್ ಮಿರ್ಝಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ, ಸರಕಾರವೇ ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರಕಾರವೊಂದು ಇಂತಹ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲಿನದೆಂದು ಇದನ್ನು ಗುರುತಿಸುತ್ತಾರೆ. ಗಾಂಧೀಜಿಯವರು ಕೃತಕ ನಿಯಂತ್ರಣವನ್ನು ವಿರೋಧಿಸುತ್ತಿದ್ದ ಕಾಲ ಅದು. ಅವರೂ ಲೈಂಗಿಕ ಶಿಕ್ಷಣವೇ ಬೇಡ ಎನ್ನಲಿಲ್ಲ, ಸಂಯಮ ಕಲಿಸುವ ಶಿಕ್ಷಣ ಬೇಕೆಂದರು. ಅಂದರೆ ಏನು ಕಲಿಸಬೇಕು ಎಂಬುದರಲ್ಲಿ ಭಿನ್ನಮತವಿತ್ತು. ಕಲಿಸುವುದೇ ಸಂಸ್ಕೃತಿಗೆ ವಿರುದ್ಧ ಎಂಬ ಮಾತು ಆ ಚರ್ಚೆಯ ಕೇಂದ್ರದಲ್ಲಿರಲಿಲ್ಲ.

ಕನ್ನಡದಲ್ಲಿ ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಮುಂತಾದ ಪುಸ್ತಕಗಳ ಮೂಲಕ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ದೇಹದ ಅರಿವು ಕೊಟ್ಟರು. ಅವರ ಬರಹದ ದೊಡ್ಡ ಗುಣವೆಂದರೆ ಭಾಷೆ. ಒಬ್ಬ ಅಕ್ಕ ಅಡುಗೆಮನೆಯಲ್ಲಿ ಕೂತು ಹೇಳಿದಂತೆ ಹೇಳುವ ಕನ್ನಡ ಅದು. ಮುಂದೆ ನಮ್ಮ ವಾರಪತ್ರಿಕೆಗಳಲ್ಲಿ ವೈದ್ಯರ ಪ್ರಶ್ನೋತ್ತರ ಅಂಕಣಗಳು ಜನಪ್ರಿಯವಾದವು. ಹೆಸರು ಬೇಡ ಎಂಬ ಸಹಿಯೊಂದಿಗೆ ಬರುತ್ತಿದ್ದ ಆ ಪ್ರಶ್ನೆಗಳು ಒಂದು ವಿಷಯವನ್ನು ಸ್ಪಷ್ಟಪಡಿಸುತ್ತವೆ. ನಮ್ಮ ಯುವಜನರಲ್ಲಿ ಪ್ರಶ್ನೆಗಳಿಗೆ ಎಂದೂ ಬರವಿರಲಿಲ್ಲ. ಮುಖ ತೋರಿಸದೆ ಕೇಳುವ ಜಾಗ ಸಿಕ್ಕಲ್ಲೆಲ್ಲ ಅವರು ಕೇಳಿದ್ದಾರೆ.

ತರಗತಿಗೆ ಬಂದದ್ದು, ಹೊರಗೆ ಹೋದದ್ದು

ಸರಕಾರಿ ಮಟ್ಟದಲ್ಲಿ ಈ ವಿಷಯ ಶಾಲೆಯೊಳಗೆ ಬಂದದ್ದು ಜನಸಂಖ್ಯೆಯ ಹೆಸರಿನಲ್ಲಿ. 1980ರಲ್ಲಿ ಆರಂಭವಾದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆ ಚಿಕ್ಕ ಕುಟುಂಬದ ಪಾಠ ಹೇಳಿತು. 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದ ಮೇಲೆ ರೋಗದ ಭಯ ಸೇರಿಕೊಂಡಿತು. 1993ರಲ್ಲಿ ಎನ್‌ಸಿಇಆರ್‌ಟಿ ಹದಿಹರೆಯದ ಶಿಕ್ಷಣದ ಬಗ್ಗೆ ರಾಷ್ಟ್ರೀಯ ವಿಚಾರಗೋಷ್ಠಿ ನಡೆಸಿತು. 2005ರಲ್ಲಿ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಜೊತೆಗೂಡಿ ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ವರ್ಷಕ್ಕೆ 16 ಗಂಟೆಗಳ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ರೂಪಿಸಿದವು.

ಇಲ್ಲಿ ಯೋಜಕರು ಎಡವಿದರು ಎಂದು ನಮಗನಿಸುತ್ತದೆ. ಚಿತ್ರಪಟಗಳು, ಕೈಪಿಡಿಗಳು ದಿಲ್ಲಿಯಲ್ಲಿ ತಯಾರಾದವು. ಹೆತ್ತವರಿಗೆ ವಿಷಯ ತಿಳಿದದ್ದು ಪತ್ರಿಕೆಯ ವಿವಾದದಿಂದ. ವಿಜ್ಞಾನದ ಸಂತಾನೋತ್ಪತ್ತಿ ಪಾಠವನ್ನೇ ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸಿಬಿಡುತ್ತಿದ್ದ ಶಿಕ್ಷಕನ ಕೈಗೆ ಆ ಪಟಗಳನ್ನು ಕೊಟ್ಟು ಹುಡುಗ ಹುಡುಗಿಯರ ಮುಂದೆ ನಿಲ್ಲಿಸಿದರೆ ಅವನೇನು ಮಾಡಿಯಾನು? ಅವನ ನಾಚಿಕೆಯನ್ನು ಕಂಡು ಮಕ್ಕಳು ಇನ್ನಷ್ಟು ನಾಚುತ್ತಾರೆ. ಹಿಂದಿನ ಬೆಂಚಿನಲ್ಲಿ ನಗು, ಮುಂದಿನ ಬೆಂಚಿನಲ್ಲಿ ತಗ್ಗಿದ ತಲೆ. ಭಾಷೆಯ ಸಮಸ್ಯೆ ಬೇರೆ. ದೇಹದ ಅಂಗಗಳಿಗೆ ಪುಸ್ತಕದಲ್ಲಿರುವುದು ಬಾಯಿಗೆ ಬಾರದ ಸಂಸ್ಕೃತ ಪದ, ಬೀದಿಯಲ್ಲಿರುವುದು ಬೈಗುಳ. ಮರ್ಯಾದೆಯಿಂದ ಪ್ರಶ್ನೆ ಕೇಳಬೇಕೆಂದಿರುವ ವಿದ್ಯಾರ್ಥಿ ಯಾವ ಪದದಲ್ಲಿ ಕೇಳಬೇಕು?

ಒಂದು ಕಡೆಯವರು ನಾಚಿಕೆಯನ್ನು ಹಿಂದುಳಿದವರ ರೋಗವೆಂದು ತಿಳಿದರು. ಇನ್ನೊಂದು ಕಡೆಯವರು ಅದನ್ನು ದಾಟಬಾರದ ಗೋಡೆಯೆಂದು ತಿಳಿದರು. 2007ರ ನಿಷೇಧಗಳು ಇವರಿಬ್ಬರ ಜಗಳದ ಫಲ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 2009ರಲ್ಲಿ ಕೊಟ್ಟ ವರದಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ಹೇಳಿತು. ಈ ವಿಷಯದಲ್ಲಿ ಪಕ್ಷಗಳ ನಡುವೆಯೂ ಧರ್ಮಗಳ ನಡುವೆಯೂ ಅಪರೂಪದ ಒಮ್ಮತವಿತ್ತು. ಆ ಒಮ್ಮತದಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಮಾತ್ರ ಯಾರೂ ಗಂಭೀರವಾಗಿ ಕೇಳಲಿಲ್ಲ.

ದಾರಿ ಮಾಡಿಕೊಂಡವರು

ಅದೇ ಸಮಯದಲ್ಲಿ ಬೇರೆ ರೀತಿ ಯೋಚಿಸಿದವರೂ ಇದ್ದರು. ಬುಡಕಟ್ಟು ಜನರೂ ಬಡವರೂ ಹೆಚ್ಚಿರುವ ಝಾರ್ಖಂಡ್ ರಾಜ್ಯ 2006ರಲ್ಲಿ ಇದೇ ಶಿಕ್ಷಣವನ್ನು ತನ್ನ ನೆಲಕ್ಕೆ ಹೊಂದಿಸಿಕೊಂಡು 'ಉಡಾನ್' ಎಂಬ ಹೆಸರಿನಲ್ಲಿ ಸರಕಾರಿ ಶಾಲೆಗಳಲ್ಲಿ ಆರಂಭಿಸಿತು. ಉಡಾನ್ ಎಂದರೆ ಹಾರಾಟ. ಶಿಕ್ಷಕರಿಗೆ ಮೊದಲು ತರಬೇತಿ ಕೊಡಲಾಯಿತು. ತರಗತಿಯಲ್ಲಿ ಪ್ರಶ್ನೆ ಪೆಟ್ಟಿಗೆ ಇಡಲಾಯಿತು. ಹೆಸರು ಬರೆಯದೆ ಚೀಟಿ ಹಾಕಿದರಾಯಿತು. ಮಿಕ್ದಾದ್(ರ) ಮಾಡಿದ ಕೆಲಸವನ್ನು ಇಲ್ಲಿ ಒಂದು ಪೆಟ್ಟಿಗೆ ಮಾಡುತ್ತದೆ. ಬೇರೆ ರಾಜ್ಯಗಳು ಬಾಗಿಲು ಮುಚ್ಚಿದ ನಂತರವೂ ಅಲ್ಲಿ ಕಾರ್ಯಕ್ರಮ ನಡೆಯಿತು.

ಮುಸ್ಲಿಮ್ ದೇಶಗಳ ಅನುಭವವೂ ಇಲ್ಲಿ ಪ್ರಸ್ತುತ. ಇರಾನ್ 1989ರಲ್ಲಿ ಕುಟುಂಬ ಯೋಜನೆಯನ್ನು ಪುನಃ ಆರಂಭಿಸಿದಾಗ ಉಲಮಾಗಳ ಬೆಂಬಲವನ್ನು ಮೊದಲು ಪಡೆಯಿತು. 1990ರ ದಶಕದಲ್ಲಿ ಮದುವೆ ನೋಂದಾಯಿಸಬೇಕಾದರೆ ವಧು ವರರು ತರಗತಿಗೆ ಹಾಜರಾಗುವುದು ಕಡ್ಡಾಯವಾಯಿತು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ತರಗತಿ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಈ ಪಾಠ ಪಠ್ಯಕ್ರಮದ ಭಾಗವಾಯಿತು. 2012ರ ನಂತರ ಜನಸಂಖ್ಯೆ ಹೆಚ್ಚಿಸಬೇಕೆಂಬ ನೀತಿ ಬಂದು ಆ ಪಾಠಗಳ ಸ್ವರೂಪವೇ ಬದಲಾಯಿತು ಎಂಬುದನ್ನೂ ಹೇಳಬೇಕು. ಜನಸಂಖ್ಯೆ ಏರಿಸಲಿ, ಇಳಿಸಲಿ, ಸರಕಾರದ ಅಗತ್ಯಕ್ಕೆ ಕಟ್ಟಿದ ಪಾಠ ಸರಕಾರದ ಅಗತ್ಯ ಮುಗಿದಾಗ ಮುಗಿಯುತ್ತದೆ.

ಪಾಕಿಸ್ತಾನದ ಕರಾಚಿಯಲ್ಲಿ 1995ರಲ್ಲಿ ಆರಂಭವಾದ 'ಆಹಂಗ್' ಎಂಬ ಸಂಸ್ಥೆ ಇದನ್ನು ಜೀವನ ಕೌಶಲ ಶಿಕ್ಷಣ ಎಂಬ ಹೆಸರಿನಲ್ಲಿ ಶಾಲೆಗಳಿಗೆ ಒಯ್ದಿತು. ಹೆತ್ತವರನ್ನು, ಮುಖ್ಯೋಪಾಧ್ಯಾಯರನ್ನು, ಧಾರ್ಮಿಕ ವಿದ್ವಾಂಸರನ್ನು ಕೂರಿಸಿಕೊಂಡು ಮಾತನಾಡಿತು. ವಿರೋಧ ಬರಲಿಲ್ಲವೆಂದಲ್ಲ, ಬಂತು. ಆದರೆ 2018ರ ಜನವರಿಯಲ್ಲಿ ಕಸೂರ್ ನಗರದಲ್ಲಿ ಪುಟ್ಟ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಘಟನೆ ಇಡೀ ದೇಶವನ್ನು ಅಲುಗಾಡಿಸಿದಾಗ, ಮಕ್ಕಳಿಗೆ ಏನನ್ನೂ ಹೇಳಬೇಡಿ ಎನ್ನುತ್ತಿದ್ದವರ ದನಿ ತಗ್ಗಿತು. ಸಿಂಧ್ ಪ್ರಾಂತ ಈ ಶಿಕ್ಷಣವನ್ನು ಪಠ್ಯಕ್ಕೆ ಸೇರಿಸುವತ್ತ ಹೆಜ್ಜೆ ಇಟ್ಟಿತು.

ನಮ್ಮ ಮುಂದಿನ ಹೊಣೆ

ನಮ್ಮಲ್ಲೂ ಪರಿಸ್ಥಿತಿ ಬದಲಾಗಿದೆ. 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. 18 ವರ್ಷದೊಳಗಿನ ಮಗುವಿನ ಮೇಲಿನ ಲೈಂಗಿಕ ಅಪರಾಧಕ್ಕೆ ಕಠಿಣ ಶಿಕ್ಷೆ ನಿಗದಿಯಾಯಿತು. ಆದರೆ ತನಗಾದದ್ದು ಅಪರಾಧವೆಂದೇ ತಿಳಿಯದ ಮಗುವಿಗೆ ಕಾಯ್ದೆಯಿಂದ ಏನು ಪ್ರಯೋಜನ? 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು, ಸಾಧ್ಯವಾದಷ್ಟು ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯನ್ನು, ಆರೋಗ್ಯ ರಾಯಭಾರಿಗಳಾಗಿ ನೇಮಿಸಲು ಹೇಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್, ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದ ತೀರ್ಪಿನಲ್ಲಿ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರದ್ದು, ನಮ್ಮ ಮೌಲ್ಯಗಳಿಗೆ ವಿರುದ್ಧವಾದದ್ದು ಎಂಬ ತಿಳಿವಳಿಕೆ ತಪ್ಪೆಂದು ಹೇಳಿ ಅದನ್ನು ವ್ಯಾಪಕವಾಗಿ ಜಾರಿಗೊಳಿಸಲು ಸಲಹೆ ಮಾಡಿತು.

ಆದರೆ ಆದೇಶದಿಂದ ಪಾಠ ಬರಬಹುದು, ವಿದ್ಯಾರ್ಥಿಯ ಪ್ರಶ್ನೆ ಬರಲಾರದು. 2005ರ ಅನುಭವ ಅದನ್ನೇ ಕಲಿಸಿದೆ. ಇಂದು ಮಗುವಿನ ಕೈಯಲ್ಲಿ ಮೊಬೈಲ್ ಇದೆ. ನಾವು ಹೇಳದಿದ್ದರೂ ಅದು ಕೇಳುತ್ತದೆ. ನಾಚಿಕೆ ಎಂದರೇನೆಂದು ತಿಳಿಯದ ಜಾಲತಾಣಗಳು ಅದಕ್ಕೆ ಉತ್ತರಿಸುತ್ತವೆ. ಮೌನದಿಂದ ಸಂಸ್ಕೃತಿಯನ್ನು ಕಾಪಾಡುತ್ತೇವೆ ಎಂದು ನಂಬಿದ ಮನೆಯ ಮಗು ಅತ್ಯಂತ ಅಸಂಸ್ಕೃತ ಗುರುವಿನ ಬಳಿ ಕಲಿಯುತ್ತಿರುತ್ತದೆ.

ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಹುಡುಗಿಯರಿಗೆ ಶಿಕ್ಷಕಿ, ಹುಡುಗರಿಗೆ ಶಿಕ್ಷಕ ಬೇರೆ ಬೇರೆಯಾಗಿ ಹೇಳಿಕೊಡಲಿ. ಅದರಿಂದ ಮಕ್ಕಳ ಬಾಯಿ ಬಿಚ್ಚುವುದಾದರೆ ಅದನ್ನು ಹಿಂದುಳಿದ ಕ್ರಮ ಎನ್ನಬೇಕಾಗಿಲ್ಲ. ಪಾಠಕ್ಕೆ ಮೊದಲು ತಾಯ್ತಂದೆಯರನ್ನು ಕರೆದು ಏನು ಕಲಿಸುತ್ತೇವೆಂದು ಪುಸ್ತಕ ತೆರೆದು ತೋರಿಸಲಿ. ಪ್ರಶ್ನೆ ಪೆಟ್ಟಿಗೆ ಪ್ರತಿ ಶಾಲೆಯಲ್ಲೂ, ಪ್ರತಿ ಮದ್ರಸದಲ್ಲೂ ಇರಲಿ. ಶುಚಿತ್ವದ ಪಾಠ ಹೇಳುವ ಉಸ್ತಾದರು ಅದರ ಜೊತೆಗೆ ಒಬ್ಬ ವೈದ್ಯರನ್ನೂ ಕರೆಸಲಿ. ಕನ್ನಡದ ವೈದ್ಯ ಬರಹಗಾರರು ಬೈಗುಳವೂ ಆಗದ, ಕಬ್ಬಿಣದ ಕಡಲೆಯೂ ಆಗದ ಪದಗಳನ್ನು ಮಕ್ಕಳಿಗೆ ಕೊಡಲಿ.

ನಾಚಿಕೆಯನ್ನು ನಾವು ಬಿಡಬೇಕಾಗಿಲ್ಲ. ಪ್ರಶ್ನೆ ಕೇಳಿದ ಉಮ್ಮು ಸುಲೈಮ್(ರ) ನಾಚಿಕೆಯಿಲ್ಲದವರಾಗಿರಲಿಲ್ಲ, ಗೆಳೆಯನನ್ನು ಕಳಿಸಿದ ಅಲೀ(ರ) ಹೇಡಿಯಾಗಿರಲಿಲ್ಲ. ಕೇಳುವವರಿಗೆ ಅಂದು ಉತ್ತರಿಸುವವರಿದ್ದರು. 12,447 ಮಕ್ಕಳನ್ನು ಮಾತನಾಡಿಸಿದ ಆ ವರದಿಯ ಮೌನಿ ಮಕ್ಕಳು ಈಗ ಬೆಳೆದು ದೊಡ್ಡವರಾಗಿದ್ದಾರೆ. ಹಲವರು ತಾಯ್ತಂದೆಯರೂ ಆಗಿರಬಹುದು. ಅವರ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ, ನಮ್ಮ ಮದ್ರಸಗಳಲ್ಲಿ ಕುಳಿತಿದ್ದಾರೆ. ಆ ಮಕ್ಕಳು ಕೇಳುವಂತೆ, ಹೇಳುವಂತೆ ಮಾಡುವ ಹೊಣೆ ನಮ್ಮೆಲ್ಲರದು.